ಐದು ಮನೆಯ ಅರಿವೆ

ನಮ್ಮ ಮೊದಲ ಎರಡು ಕೂಸುಗಳು ಮೂರು ತಿಂಗಳು ದಾಟಲಿಲ್ಲ. ಮೂರನೆಯದು ಹುಟ್ಟಿದಾಗ ಯುದ್ಧ ನಡೆದಿತ್ತು. ಯಲಬುರ್ಗಾದ ಅಂಗಡಿಗಳಲ್ಲಿ ಚೀಟಿ ಇಲ್ಲದೆ ಒಂದು ಮೊಳ ಬಟ್ಟೆ ಸಿಗುತ್ತಿರಲಿಲ್ಲ. ಊರಿಗೆ ಊರೇ ತೇಪೆಯ ಮೇಲೆ ತೇಪೆ ಹಾಕಿ ಉಡುತ್ತಿತ್ತು.

"ಐದು ಮನಿ ಹಳೆ ಅರಿವಿ ಬೇಡಿ ತಾ. ಕೂಸಿಗೆ ಕೌದಿ ಹೊಲಿತೀನಿ," ಎಂದಳು ಅವ್ವ. "ಹಡದಪ್ಪನೇ ಹೋಗಿ ಬೇಡಬೇಕು. ಮಕ್ಕಳು ಉಳಿದ ಮನಿ ಆಗಬೇಕು. ಐದನೇದು ನಿಮ್ಮಣ್ಣನ ಮನಿ."

ಕೂಸು ಉಳಿಯದ ಮನೆಯಲ್ಲಿ ಹೀಗೆ ಮಾಡುವುದು ನಮ್ಮ ಕಡೆ ರೂಢಿ. ಆದರೆ ನಾನು ಮೂರನೆಯ ತರಗತಿಗೇ ಶಾಲೆ ಬಿಟ್ಟು ದುಡಿಯಲು ನಿಂತವನು. ಯಾರ ಮುಂದೆಯೂ ಕೈಯೊಡ್ಡಿರಲಿಲ್ಲ. ಅಣ್ಣನೊಡನೆ ಪಾಲಾಗಿ ಎರಡು ವರ್ಷದಿಂದ ಮಾತೇ ಇರಲಿಲ್ಲ. ಹೊಲದ ಗುಡಿಸಲಿಗೆ ಹೋಗಿ, ಅಲ್ಲಿದ್ದ ನನ್ನವೇ ಹಳೆಯ ಧೋತರ, ರುಮಾಲು, ಅಂಗಿಗಳಿಂದ ಐದು ತುಂಡು ಕತ್ತರಿಸಿ ತಂದು ಅವ್ವನ ಮುಂದಿಟ್ಟೆ.

ಅವ್ವ ಒಂದನ್ನು ತಿರುವಿ, ಅದಕ್ಕೆ ಹಾಕಿದ್ದ ತೇಪೆಯ ಹೊಲಿಗೆ ನೋಡಿದಳು. "ಇದ್ಯಾರ ಮನಿದು?"

"ಗೌಡ್ರ ಮನಿದು."

"ಗೌಡ್ರ ಮನಿಗೆ ನಾ ಯಾವಾಗ ತೇಪಿ ಹಾಕಾಕ ಹೋಗಿದ್ದೆನೋ?"

ನನ್ನ ಹೆಂಡತಿ ಬಾಣಂತಿ ಹೊರಸಿನಿಂದಲೇ ನನ್ನನ್ನು ನೋಡಿದಳು. ಕೂಸು ಎರಡು ದಿನದಿಂದ ಸರಿಯಾಗಿ ಹಾಲು ಕುಡಿದಿರಲಿಲ್ಲ. "ನೀವು ನಿಮ್ಮ ಮೀಸಿ ಕಾಯ್ಕೊಂಡು ಕುಂದರ್ರಿ," ಎಂದಳು. "ಇದನ್ನೂ ಮಣ್ಣಿಗೆ ಕೊಟ್ಟು ಬರೂಣಂತ."

ಎದ್ದು ಹೊರಟೆ.

ನಾಲ್ಕು ಮನೆಯವರು ಮರುಮಾತಾಡದೆ ಕೊಟ್ಟರು. ಅಣ್ಣನ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಅಣ್ಣ ಒಳಗೆ ಹಗ್ಗ ಹೊಸೆಯುತ್ತಿದ್ದ, ತಲೆ ಎತ್ತಲಿಲ್ಲ. ಹೆಗಲ ಮೇಲಿನ ವಲ್ಲಿ ಬಿಚ್ಚಿ ಒಡ್ಡಿದೆ.

"ಏನಪಾ ದೊಡ್ಡ ಮನಷ್ಯಾ, ಹಾದಿ ತಪ್ಪಿ ಬಂದಿ ಏನು?" ಎಂದಳು ಅತ್ತಿಗೆ.

"ಕೂಸಿಗೊಂದು ಹಳೆ ಅರಿವಿ ಕೊಡ್ರಿ."

"ಜೋರಾಗಿ ಹೇಳು. ನಿಮ್ಮಣ್ಣಗ ಕೇಳಸಲಿಲ್ಲ."

ಜೋರಾಗಿ ಹೇಳಿದೆ. ಓಣಿಯಲ್ಲಿ ಹೋಗುವವರು ನಿಂತರು. ಅಣ್ಣನ ಕೈಯಲ್ಲಿ ಹಗ್ಗ ನಿಂತಿತು. "ಕೊಡು," ಎಂದ, ಅಷ್ಟೇ.

"ಹಳೇದಂದ್ರ ಮೈಮ್ಯಾಲಿಂದ ಒಂದ ಐತಿ," ಎನ್ನುತ್ತ ಅತ್ತಿಗೆ ಉಟ್ಟ ಸೀರೆಯ ಸೆರಗಿನ ತುದಿಯನ್ನೇ ಹರಿದು ನನ್ನ ವಲ್ಲಿಗೆ ಹಾಕಿದಳು.

ಅವ್ವ ಅಂದೇ ಹೊಲಿಯಲು ಕುಳಿತಳು. ಕೌದಿಯ ಹೊಟ್ಟೆ ಬರಿದಿರಬಾರದೆಂದು, ಕೊನೆಯ ಮೂಲೆ ಮುಚ್ಚುವ ಮುನ್ನ ನಾಲ್ಕು ಕಾಳು ಜೋಳ ಒಳಗಿಟ್ಟಳು. ಮುಂದೆ ದಿನಾ ಮುಂಜಾನೆ ಗಾಡಿ ಹೂಡುವ ಮೊದಲು ನಾನು ಆ ಕೌದಿಯ ಮೇಲೆ ಕೈಯಿಟ್ಟು, ಕೆಳಗೆ ಕೂಸು ಉಸಿರಾಡುತ್ತಿದೆಯೇ ಎಂದು ನೋಡುತ್ತಿದ್ದೆ. ಮೂರನೆಯ ತಿಂಗಳಲ್ಲಂತೂ ಕುಷ್ಟಗಿ ಹಾದಿಯ ನಡುವಿನಿಂದಲೇ ಗಾಡಿ ತಿರುಗಿಸಿ ಬಂದದ್ದುಂಟು. ಏಳನೆಯ ತಿಂಗಳಲ್ಲಿ ಹಲ್ಲು ಬಂದವು. ಕೂಸು ಕೌದಿಯ ಅಂಚು ಕಚ್ಚಿ ಎಳೆಯತೊಡಗಿತು. ಆಮೇಲೆ ಕೈಯಿಟ್ಟು ನೋಡುವುದನ್ನು ಬಿಟ್ಟೆ.