ಒಂದು ರಾಫ್ಟಿಗೆ ಒಂದೇ ಬಾಯಿ

ಕಲ್ಲುಮಾಮ ಎಂಬ ಹೆಸರನ್ನು ಯಾರು ಇಟ್ಟರೋ, ಅದಂತೂ ನಿಂತೇಬಿಟ್ಟಿತು. ಕಮರಿಯ ಹೊಳೆಯಲ್ಲಿ ರಾಫ್ಟ್ ನಡೆಸುತ್ತಲೇ ತಲೆ ನರೆತವರು ಅವರು. ಪ್ರವಾಸಿಗರನ್ನು ಕೂರಿಸಿಕೊಂಡು ಹೊರಟರೆಂದರೆ ಕಲ್ಲಿನ ಪುರಾಣ ಶುರು. ಮನೆಗೆ ಬಂದರೆ ಮಾತ್ರ ತುಟಿ ಪಿಟಕ್ಕೆನ್ನರು. ಮಾತೆಲ್ಲ ಹೊಳೆಯಲ್ಲೇ ಖರ್ಚಾಗುತ್ತದೆ, ತನಗೆ ಉಳಿಯುವುದು ಹೂಂ, ಉಹೂಂ ಎರಡೇ ಎಂದು ಹೆಂಡತಿ ನೆಂಟರೆದುರು ಆಡಿಕೊಳ್ಳುತ್ತಿದ್ದಳು.

ಆ ದಿನ ಹೊಳೆಯಲ್ಲೂ ಅವರ ಬಾಯಿಗೆ ಬೀಗ. ಮಗಳ ಪರೀಕ್ಷೆಯ ದಿನ ಅದು. ಕೆಲವು ವರ್ಷಗಳಿಂದ ಶೆಡ್ಡಿನಲ್ಲಿ ರಾಫ್ಟಿಗೆ ತೇಪೆ ಹಾಕುತ್ತ, ಲೈಫ್ ಜಾಕೆಟ್ ಒಣಹಾಕುತ್ತ ಕಾದಿದ್ದಳು ಹುಡುಗಿ. ರಾಫ್ಟಿಂಗ್ ಕಂಪನಿಯ ಒಡತಿಯೇ ರಾಫ್ಟಿನಲ್ಲಿ ಕೂತು ನೋಡುವವಳು. ಸರಿಯಾಗಿ ನಡೆಸಿದರೆ ಗೈಡ್, ಇಲ್ಲವಾದರೆ ಮತ್ತೆ ತೇಪೆ. ಅಪ್ಪನೂ ಬರಲಿ, ಆದರೆ ಹುಟ್ಟು ಹಾಕಲಿಕ್ಕೆ ಮಾತ್ರ ಎಂದಿದ್ದಳು ಒಡತಿ. ರಾಫ್ಟಿಗೆ ಒಂದೇ ಬಾಯಿ ಇರಬೇಕು, ಎರಡಾದರೆ ಮುಳುಗಿದ ಹಾಗೆಯೇ. ಹೊಸಬರಿಗೆಲ್ಲ ಈ ನಿಯಮ ಕಲಿಸಿದವರು ಸ್ವತಃ ಕಲ್ಲುಮಾಮನೇ.

ಪ್ರವಾಸಿಗರಾಗಿ ಬಟ್ಟೆ ಅಂಗಡಿಯವರೊಬ್ಬರ ಕುಟುಂಬ ಬಂದಿತ್ತು. ಕಲ್ಲುಮಾಮನ ಮಗಳು ಕಮರಿಯ ಕೆಂಪು ಗೋಡೆಯ ಬದಿಗೆ ರಾಫ್ಟ್ ಒಯ್ದು, ಕಲ್ಲಿನ ಮೇಲಿನ ಅಲೆಅಲೆ ಗೆರೆಗಳನ್ನು ಮುಟ್ಟಿಸಿದಳು. ಒಂದು ಕಾಲಕ್ಕೆ ಇದು ಕಡಲ ದಂಡೆಯ ಮರಳು, ನೀರು ಎಳೆದ ಗೆರೆ ಹಾಗೇ ಕಲ್ಲಾಗಿದೆ ಎಂದಳು. ಅಂಗಡಿಯವರು ಸೀರೆಯ ನೆರಿಗೆ ಮುಟ್ಟುವ ಹಾಗೆ ನಾಜೂಕಾಗಿ ಬೆರಳಾಡಿಸಿದರು. ಇನ್ನೂ ನಾಲ್ಕು ಮಾತು ಸೇರಿಸಬೇಕೆಂದು ಕಲ್ಲುಮಾಮನ ನಾಲಿಗೆ ತುರಿಸಿತು. ನುಂಗಿಕೊಂಡರು. ಮಗಳು ಚೆನ್ನಾಗಿ ಹೇಳಿದಳೆಂದು ಹೆಮ್ಮೆಯೂ ಆಯಿತು.

ಮುಂದೆ ಕಪ್ಪು ಕಲ್ಲಿನ ಪಟ್ಟಿ ಹೊಳೆಗೆ ಅಡ್ಡ ಬರುತ್ತದೆ. ಭೂಮಿಯ ಒಳಗಿಂದ ಕುದಿಯುತ್ತ ಬಂದು ಬಿರುಕಿನಲ್ಲಿ ಹೆಪ್ಪುಗಟ್ಟಿದ ಗಟ್ಟಿ ಕಲ್ಲು ಅದು. ಅದನ್ನು ಸವೆಸಲಾಗದೆ ಹೊಳೆ ಅಲ್ಲಿ ಕಿರಿದಾಗಿ, ರೊಚ್ಚಿಗೆದ್ದು ಧುಮುಕುತ್ತದೆ. ಮಗಳು ಮೊದಲೇ ದಡಕ್ಕೆ ಹಚ್ಚಿ, ಬಂಡೆ ಹತ್ತಿ ನೋಡಿ ಬಂದಳು. ಬಲಗಡೆ ಗೋಡೆಯಲ್ಲಿ ಹೊಸ ಗಾಯದಂತೆ ಒಂದು ತಿಳಿ ಬಣ್ಣದ ಕಲೆ. ಅಲ್ಲಿಂದ ಕಳಚಿದ ಚಪ್ಪಡಿ ನೀರೊಳಗೆ ಬಿದ್ದಿರಬೇಕು, ಆದ್ದರಿಂದ ಇವತ್ತು ಎಡಗಡೆಯಿಂದ ಹೋಗೋಣ ಎಂದಳು. ಕಲ್ಲುಮಾಮ ತಲೆಯಾಡಿಸಿದರು. ಅವರು ಸದಾ ಹೋಗುತ್ತಿದ್ದದ್ದು ಬಲಗಡೆಯಿಂದ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಳ್ಳಲ್ಲ. ನೀರು ಮುಖಕ್ಕೆ ರಾಚಿತೋ ಇಲ್ಲವೋ, ತಲೆ ಒಪ್ಪಿದ್ದನ್ನು ಗಂಟಲು ಮರೆತುಬಿಟ್ಟಿತು.

“ಬಲಕ್ಕೆ!” ಎಂದು ಕಲ್ಲುಮಾಮ ಕೂಗಿಬಿಟ್ಟರು.

ಪಾಪ, ಅಂಗಡಿಯವರಿಗೇನು ಗೊತ್ತು? ಜೋರು ದನಿ ಯಾವುದೋ ಆ ಕಡೆಗೇ ಹುಟ್ಟು ಹಾಕಿದರು. ರಾಫ್ಟ್ ತಿರುಗಿ, ಮುಳುಗಿದ ಚಪ್ಪಡಿಯ ಮೇಲೇರಿ ಸಿಕ್ಕಿಕೊಂಡಿತು. ಒಂದು ಮಗ್ಗುಲಿನಿಂದ ನೀರು ನುಗ್ಗತೊಡಗಿತು. ಮಗಳ ಬಾಯಿಗೆ ತಾನೇ ಮಣ್ಣು ಹಾಕಿದೆನಲ್ಲ ಎಂದುಕೊಂಡರು ಕಲ್ಲುಮಾಮ.

“ಎಲ್ಲರೂ ಬಂಡೆ ಕಡೆ ವಾಲಿ,” ಎಂದಳು ಮಗಳು. ದನಿ ನಡುಗಲಿಲ್ಲ. “ಅಪ್ಪಾ, ನೀನು ಬಾಯಿ ಮುಚ್ಕೊಂಡು ನಾನು ಹೇಳಿದಷ್ಟು ಮಾಡು.”

ಹೊಳೆಯಲ್ಲಿ ಅವರಿಗೆ ಹಾಗೆ ಹೇಳಿದವರೇ ಇರಲಿಲ್ಲ. ಅವರು ಮಾಡಿದರು. ಒತ್ತು ಎಂದಾಗ ಹುಟ್ಟಿನಿಂದ ಬಂಡೆಯನ್ನು ಒತ್ತಿದರು, ಬಿಡು ಎಂದಾಗ ಬಿಟ್ಟರು. ರಾಫ್ಟ್ ಜಾರಿತು. ಮಗಳು ಅದನ್ನು ಸೆಳವಿಗೆ ತಿರುಗಿಸಿ, ಎಡಗಡೆಯಿಂದ ಕೆಳಗಿಳಿಸಿ, ಆಚೆಯ ಮಡುವಿಗೆ ತಂದು ನಿಲ್ಲಿಸಿದಳು.

ತಪ್ಪು ತನ್ನದೇ, ಹುಡುಗಿಯದೇನೂ ಇಲ್ಲ ಎಂದು ಕಲ್ಲುಮಾಮ ಒಡತಿಗೆ ತೊದಲುತ್ತ ಹೇಳಹೊರಟರು.

“ನನಗೂ ಕಿವಿ ಇದೆ ಮಾರಾಯ್ರೇ,” ಎಂದಳು ಒಡತಿ, ಮುಖದ ನೀರು ಒರೆಸಿಕೊಳ್ಳುತ್ತ. “ನೀವು ಹತ್ತಿಸಿದ್ರಿ, ಅವಳು ಇಳಿಸಿದಳು. ನಾಳೆಯಿಂದ ಈ ರಾಫ್ಟ್ ಅವಳದೇ.”

ಕಲ್ಲುಮಾಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮಗಳು ಮಾತ್ರ ಅಪ್ಪನ ಕಡೆ ತಿರುಗದೆ “ಮುಂದಕ್ಕೆ!” ಎಂದಳು, ಎಲ್ಲರೂ ಹುಟ್ಟು ಹಾಕಿದರು.

ನೀರಿನ ಮೇಲೆ ಕಣ್ಣಿಡುವ ಕೆಲಸ ಈಗ ತನ್ನದಲ್ಲ ಎಂದು ಅವರಿಗೆ ನಿಧಾನವಾಗಿ ಹೊಳೆಯಿತು. ಕತ್ತೆತ್ತಿ ನೋಡಿದರು. ಗೋಡೆಯ ತುತ್ತತುದಿಯಲ್ಲಿ, ಆಕಾಶಕ್ಕೆ ತಾಗಿದಂತೆ, ಒಂದು ಬಿಳಿ ಪಟ್ಟಿ.

“ಮಗಳೇ, ಅದೇನೇ ಅದು, ಮೇಲೆ ಬೆಳ್ಳಗೆ?”

“ಸುಣ್ಣಕಲ್ಲು ಅಪ್ಪಾ. ಇಷ್ಟು ವರ್ಷ ನೋಡೇ ಇಲ್ವಾ?”

“ಎಲ್ಲಿತ್ತಮ್ಮ ಪುರುಸೊತ್ತು,” ಎಂದರು ಕಲ್ಲುಮಾಮ. “ಹೇಳು, ಕೇಳ್ತೀನಿ.”

ಅವಳು ಹೇಳತೊಡಗಿದಳು, ಅವರು ಹುಟ್ಟು ಹಾಕುತ್ತ ಕೇಳಿದರು.