ರೈಲಿನಲ್ಲಿ ಕೇಳಿದ ‘ಹೋಯ್ತು’

“ಎಕ್ಸ್‌ಪೈರ್ ಆಗೋಯ್ತು ಸಾರ್, ಬೆಳಿಗ್ಗೆನೇ!” ಮಾಲೂರಿನಲ್ಲಿ ರೈಲು ಹತ್ತಿದ ಹುಡುಗಿ ನನ್ನ ಪಕ್ಕ ನಿಂತು ಫೋನಿನಲ್ಲಿ ಅಳುದನಿಯಲ್ಲಿ ಹೇಳಿದಳು. ನಾನು ಅವಳ ಕೈ ಹಿಡಿದು, “ಅಯ್ಯೋ ದೇವುಡಾ, ಯಾರಮ್ಮ ಹೋಗಿದ್ದು?” ಎಂದೆ.

ಅವಳು ನನ್ನನ್ನೇ ನೋಡಿ, ಅಳುವಿನ ಮಧ್ಯೆಯೇ ನಕ್ಕುಬಿಟ್ಟಳು. “ಮನುಷ್ಯರಲ್ಲ ಆಂಟಿ, ಸರ್ಟಿಫಿಕೇಟು! ನಮ್ ಲ್ಯಾಬಿಂದ ಇಮೇಲ್ ಕಳ್ಸೋ ಸರ್ವರ್‌ದು, ಅದರ ಅವಧಿ ಮುಗಿದೋಯ್ತು. ಅದನ್ನ ರಿನ್ಯೂ ಮಾಡೋವರ್ಗೂ ಒಂದು ಬ್ಲಡ್ ರಿಪೋರ್ಟೂ ಡಾಕ್ಟ್ರಿಗೆ ಹೋಗಲ್ಲ.”

ರಿಪೋರ್ಟಿಗೆ ಕಾಯುವ ಸಂಕಟ ನನಗೂ ಗೊತ್ತು. ಸರಿದು ಜಾಗ ಮಾಡಿಕೊಟ್ಟು, ಅವಳ ಊಟದ ಚೀಲವನ್ನು ನನ್ನ ಮಡಿಲಲ್ಲಿಟ್ಟುಕೊಂಡೆ. ಅವಳು ಲ್ಯಾಪ್‌ಟಾಪ್ ತೆರೆದು ಟಪಟಪನೆ ಒತ್ತತೊಡಗಿದಳು. ಸಿಗ್ನಲ್ ಕೈಕೊಡದಿರಲಪ್ಪಾ ಎಂದು ನಾನು ಮುಳಬಾಗಿಲಿನ ಆಂಜನೇಯನನ್ನು ನೆನೆಯುತ್ತಾ ಕುಳಿತೆ.

ವೈಟ್‌ಫೀಲ್ಡ್ ಬರುವ ಮುಂಚೆಯೇ ಅವಳು ಕೂಗಿದಳು: “ಹೋಯ್ತು ಆಂಟಿ, ಹೋಯ್ತು!”

ಎದುರು ಸೀಟಿನ ಅಜ್ಜಿ ಗಾಬರಿಯಿಂದ, “ಯಾರಮ್ಮಾ, ಪಾಪ?” ಎಂದರು.

“ರಿಪೋರ್ಟು ಅಜ್ಜಿ, ಡಾಕ್ಟ್ರ ಹತ್ರ ಹೋಯ್ತು!” ಎಂದು ನಾನೇ ಹೇಳಿದೆ. ಬೋಗಿಯೆಲ್ಲಾ ನಕ್ಕಿತು.

ಸಂಜೆ ದೀಪ ಹಚ್ಚುವಾಗ, ಯಾರ ರಿಪೋರ್ಟೋ ಏನೋ, ಒಳ್ಳೆಯದೇ ಬಂದಿರಲಿ ಎಂದು ಒಂದು ಬತ್ತಿ ಹೆಚ್ಚಿಗೆ ಹಾಕಿದೆ. ‘ಹೋಯ್ತು’ ಎಂಬ ಮಾತಿಗೆ ನಾನು ಸಂತೋಷದಿಂದ ಕೈಮುಗಿದದ್ದು ಅದೇ ಮೊದಲು.