ಹನಾ ಅಜ್ಜಿಯ ಹನ್ನೊಂದು ಹೆಸರುಗಳು

ಬೃಂದಾ ಕುವೈತಿಗೆ ಬಂದು ಹದಿನಾರು ವರ್ಷವಾಗಿತ್ತು. ಸಾಲ್ಮಿಯಾದ ಒಂದು ಖಾಸಗಿ ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು ಅವಳ ಕೆಲಸ. ಗಂಡ ದೀಪು ಶುಐಬಾದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಮಗಳು ಧಾತ್ರಿ ಒಂಬತ್ತನೇ ಕ್ಲಾಸು. ಅಲ್ಲಿನ ಕನ್ನಡಿಗರ ಕಣ್ಣಿಗೆ ಇವರು ಮೈಸೂರು ಕಡೆಯ ಮೆತ್ತಗಿನ ಜನ, ಯಾರ ತಂಟೆಗೂ ಹೋಗದವರು. ಬೃಂದಾಳ ಅಜ್ಜಿ ಎಂಥ ಜಾಗದಿಂದ ಬದುಕಿ ಬಂದವಳು ಎಂಬುದು ಮನೆಯವರನ್ನು ಬಿಟ್ಟರೆ ಆ ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ಅಜ್ಜಿ ಅಂದರೆ ತಂದೆಯ ತಾಯಿ, ಹನಾ. ಚೆಕೊಸ್ಲೊವಾಕಿಯಾದ ಬ್ರನೊ ಎಂಬ ಊರಿನ ಯಹೂದಿ ಮನೆತನದವಳು. ಎರಡನೇ ಮಹಾಯುದ್ಧ ಮುಗಿದ ನಾಲ್ಕು ವರ್ಷಕ್ಕೆ, ಯಂತ್ರಗಳ ಕೆಲಸ ಕಲಿಯಲು ಅಲ್ಲಿಗೆ ಹೋಗಿದ್ದ ಅನಂತರಾಮು ಎಂಬ ತರುಣನನ್ನು ಮದುವೆಯಾಗಿ, ಹಡಗು ಹತ್ತಿ ಮೈಸೂರಿಗೆ ಬಂದಿದ್ದಳು. ಅತ್ತೆ ಕಾಂತಮ್ಮ ಮೊದಲ ದಿನವೇ ಸೊಸೆಯ ಎಡಗೈ ಹಿಡಿದು ನೋಡಿ, "ಯಾರ ಹೆಸ್ರಮ್ಮ ಹಚ್ಚೆ ಹಾಕಿಸ್ಕೊಂಡಿರೋದು?" ಎಂದು ಕೇಳಿದರಂತೆ. ಸೊಸೆಗೆ ಭಾಷೆ ಬಾರದು. ಮಗನೇ ಉತ್ತರ ಕೊಟ್ಟ.

"ಹೆಸ್ರಲ್ಲಮ್ಮ, ನಂಬರು. ಸೆರೆಯಲ್ಲಿ ಹಾಕಿದ್ದು."

"ಅಂಥಾದ್ದೇನು ತಪ್ಪು ಮಾಡಿದ್ಲು?"

"ಏನೂ ಮಾಡ್ಲಿಲ್ಲ."

ಕಾಂತಮ್ಮ ಆ ವಾರವೇ ಸೊಸೆಗೆ ಉದ್ದ ತೋಳಿನ ನಾಲ್ಕು ಕುಪ್ಪಸ ಹೊಲಿಸಿ ಕೊಟ್ಟರು.

ಹನಾ ತನ್ನ ಮಕ್ಕಳಿಗೆ ಏನೂ ಹೇಳಲಿಲ್ಲ. ಹೇಳಿದ್ದು ಮೊಮ್ಮಗಳಿಗೆ, ಬೃಂದಾಳಿಗೆ ಹದಿನೇಳು ತುಂಬಿದಾಗ. ನಾಜಿಗಳ ಆಶ್ವಿಟ್ಸ್ ಸೆರೆಶಿಬಿರದಲ್ಲಿ ಅವರನ್ನು ಕೂಡಿಹಾಕಿದ್ದ ಭಾಗದಲ್ಲಿ ತಾಯಿ ಮಕ್ಕಳನ್ನು ಒಟ್ಟಿಗೆ ಇಟ್ಟಿದ್ದರು. ೧೯೪೪ರ ಜುಲೈ ತಿಂಗಳಲ್ಲಿ ದುಡಿಯಬಲ್ಲವರನ್ನು ಬೇರೆ ಮಾಡಿದರು. ಹದಿನೇಳರ ಹನಾಳನ್ನು ಆರಿಸಿದರು, ಅವಳ ತಾಯಿಯನ್ನೂ ಆರಿಸಿದರು. ಆದರೆ ಹನ್ನೊಂದು ವರ್ಷದ ತಮ್ಮ ಪಾವೆಲ್‌ನನ್ನು ಬಿಟ್ಟು ಹೋಗಬೇಕಿತ್ತು. ಒಬ್ಬನೇ ಹೆದರಿಕೊಳ್ಳುತ್ತಾನೆ ಎಂದು ತಾಯಿ ಅಲ್ಲೇ ಉಳಿದಳು. ಹನಾ ಹೊರಟಾಗ ಪಾವೆಲ್ ತನ್ನ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದನಂತೆ. ಎಡಗಾಲಿನದು ಅವನಿಗೆ ಎಂದೂ ಸರಿಯಾಗಿ ಬರುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಇಬ್ಬರನ್ನೂ ವಿಷದ ಗಾಳಿಯ ಕೋಣೆಗೆ ತಳ್ಳಿದರು. ಹನಾ ಜರ್ಮನಿಯ ಯಾವುದೋ ಊರಿನಲ್ಲಿ ಬಾಂಬಿಗೆ ಬಿದ್ದ ಮನೆಗಳ ಇಟ್ಟಿಗೆ ಹೊತ್ತು ಬದುಕಿದಳು. ಇಡೀ ಮನೆತನದಲ್ಲಿ ಸತ್ತವರು ಹನ್ನೊಂದು ಜನ.

ಆ ಹನ್ನೊಂದು ಹೆಸರನ್ನು ಅಜ್ಜಿ ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದಳು. "ನಾನು ಹೋದ್ಮೇಲೆ ಇವ್ರನ್ನ ಕರಿಯೋಕೆ ಯಾರೂ ಇಲ್ಲ ಕಣೆ. ವರ್ಷಕ್ಕೊಂದ್ಸಲ ನೀನು ಕರಿ. ಸಾಕು."

ಬೃಂದಾ ಕುವೈತಿಗೆ ಬಂದ ಮರುವರ್ಷ ಅಜ್ಜಿ ತೀರಿಕೊಂಡಳು. ಅಂದಿನಿಂದ ಪ್ರತಿ ಜುಲೈನಲ್ಲಿ ಒಂದು ದಿನ, ಕ್ಲಿನಿಕ್ಕಿನ ಹಿಂದೆ ಕಾರು ನಿಲ್ಲಿಸಿ, ಗಾಜು ಏರಿಸಿಕೊಂಡು, ಬೃಂದಾ ಆ ಹೆಸರುಗಳನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಹೊರಗೆ ಐವತ್ತು ಡಿಗ್ರಿ ಬಿಸಿಲು. ಒಳಗೆ ಎರಡು ನಿಮಿಷದ ಕೆಲಸ. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಗೊತ್ತಾದದ್ದು ೨೦೨೪ರ ನವೆಂಬರಿನಲ್ಲಿ. ರಾಜ್ಯೋತ್ಸವಕ್ಕೆಂದು ಕನ್ನಡದ ಕೆಲವು ಮನೆಯವರು ಸೇರಿ ಹಾಲ್ ಹಿಡಿದಿದ್ದರು. ಮಕ್ಕಳ ವೇಷದ ಸ್ಪರ್ಧೆ ನಡೆದಿತ್ತು. ಓಬವ್ವ ಬಂದಳು, ಬಸವಣ್ಣ ಬಂದ, ರಾಯಣ್ಣ ಇಬ್ಬರು ಬಂದರು. ಆಮೇಲೆ ಕಾಡಿಗೆಯ ಚೋಟು ಮೀಸೆ, ಕಂದು ಅಂಗಿ, ತೋಳಿಗೆ ಕೆಂಪು ಪಟ್ಟಿಯ ಏಳು ವರ್ಷದ ಹುಡುಗನೊಬ್ಬ ಬಂದು ಬಲಗೈ ಚಾಚಿ, "ಶಿಸ್ತು ಬೇಕಾ? ನನ್ನನ್ನು ಕರೀರಿ!" ಎಂದ. ಹಾಲಿಗೆ ಹಾಲೇ ನಕ್ಕಿತು. ಎರಡನೇ ಬಹುಮಾನವೂ ಬಂತು.

ಹುಡುಗನ ತಂದೆ ಶೈಲೇಶ್, ಕಾರ್ಯಕ್ರಮದ ಮುಂದಾಳು. ಕಾಪು ಕಡೆಯವನು, ಎಗೈಲಾದ ಮಾಲ್‌ನಲ್ಲಿ ಬಟ್ಟೆ ಅಂಗಡಿಯ ಮ್ಯಾನೇಜರ್. ಬೃಂದಾ ಊಟದ ಸಾಲಿನಲ್ಲಿ ಅವನ ಹತ್ತಿರ ಹೋಗಿ ಮೆಲ್ಲಗೇ ಹೇಳಿದಳು. "ಶೈಲೇಶ್ ಅವ್ರೇ, ಆ ಹಿಟ್ಲರ್ ವೇಷ ಬೇಡವಾಗಿತ್ತು."

"ಎಂತ ಮಾರಾಯ್ರೆ, ಮಕ್ಕಳ ತಮಾಷೆ ಅದು."

"ಅವನು ಲಕ್ಷಾಂತರ ಮಕ್ಕಳನ್ನ ಕೊಂದವನು."

"ಅದೆಲ್ಲ ಸರಿ. ಆದ್ರೆ ದೇಶವನ್ನು ಹೇಗೆ ಕಟ್ಟಿದ ನೋಡಿ. ಇಸ್ರೇಲಿನವರೂ ಹಾಗೇ, ಗಟ್ಟಿ ಜನ. ನಂಗೆ ಇಬ್ಬರ ಮೇಲೂ ಗೌರವ ಉಂಟು."

ಬೃಂದಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ಅವನು ನಮ್ಮಜ್ಜಿ ತಮ್ಮನ್ನ ಕೊಂದ. ಅವಳ ತಾಯಿನ ಕೊಂದ. ನಿಮ್ಮ ಮಗನಿಗಿಂತ ನಾಲ್ಕೇ ವರ್ಷ ದೊಡ್ಡವನು ಆ ಹುಡುಗ."

ಅವಳಿಗೆ ತಿಳಿಯದೆ ದನಿ ಏರಿತ್ತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಹೆಂಗಸು ಪಕ್ಕದವಳಿಗೆ ಕೇಳಿದ್ದು ಎಲ್ಲರಿಗೂ ಕೇಳಿಸಿತು. "ಇವರ ಅಜ್ಜಿ ಯಹೂದಿಯಾ?"

ಮನೆಯ ಮುಂದೆ ಕಾರು ನಿಲ್ಲಿಸಿದ ಮೇಲೆ ದೀಪು ಹೇಳಿದ. "ನೀನು ಹೇಳಿದ್ದು ತಪ್ಪಲ್ಲ. ಇಲ್ಲಿ ಹೇಳ್ಬೇಕಿತ್ತಾ ಅಂತ ಅಷ್ಟೇ. ಇಲ್ಲಿ ಯಹೂದಿ ಅಂದ್ರೆ ಇಸ್ರೇಲ್ ಅಂತ್ಲೇ ತಿಳ್ಕೋತಾರೆ. ಯಾರೋ ಯಾರಿಗೋ ಏನೋ ಹೇಳಿದ್ರೆ? ನಮ್ಮಿಬ್ರ ಇಕಾಮಾ ಇರೋದು ಇನ್ನೊಬ್ರ ಕೈಲಿ. ಅದು ಹೋದ್ರೆ ಈ ದೇಶ ಬಿಡ್ಬೇಕು."

"ಮತ್ತೆಲ್ಲಿ ಹೇಳ್ಲಿ ದೀಪು? ಮೈಸೂರಲ್ಲೂ ಹೇಳ್ಲಿಲ್ಲ, ಇಲ್ಲೂ ಬೇಡ."

ದೀಪು ಕಾರಿಗೆ ಬೀಗ ಹಾಕಿ ಲಿಫ್ಟಿನ ಕಡೆ ನಡೆದ.

ಮಾರನೇ ದಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಒಂದು ಚಿತ್ರ ಹಾಕಿದರು. ಒಂದಷ್ಟು ಯಹೂದಿಗಳನ್ನು ಬೇಕೆಂದೇ ಉಳಿಸಿದ್ದೇನೆ, ಯಾಕೆ ಕೊಂದೆ ಅಂತ ಜಗತ್ತಿಗೆ ಮುಂದೆ ಅರ್ಥವಾಗಲಿ ಎಂದು ಹಿಟ್ಲರ್ ಹೇಳಿದನೆಂದು ಅದರಲ್ಲಿತ್ತು. ಯಾರೋ ಕಟ್ಟಿದ ಸುಳ್ಳು. ಬೃಂದಾ ಬಹಳ ಹೊತ್ತು ಬರೆದು, ಅಳಿಸಿ, ಕೊನೆಗೆ ಇಷ್ಟು ಕಳಿಸಿದಳು: "ಇದು ಅವನ ಮಾತಲ್ಲ. ಬದುಕಿ ಉಳಿದವರಲ್ಲಿ ನನ್ನಜ್ಜಿ ಒಬ್ಬಳು. ಅವಳನ್ನು ಅವನು ಉಳಿಸಲಿಲ್ಲ. ಮೈಸೂರಿನಲ್ಲಿ ಮೂವರು ಮಕ್ಕಳನ್ನು ಸಾಕಿದಳು, ಕನ್ನಡ ಕಲಿತಳು, ಯಾರಿಗೂ ಕೇಡು ಮಾಡಲಿಲ್ಲ. ಬೇಕಾದರೆ ಮಕ್ಕಳಿಗೆ ಒಂದು ದಿನ ಅವಳ ಕಥೆ ಹೇಳುತ್ತೇನೆ." ಕೆಳಗೆ ಮೂರು ಹೆಬ್ಬೆರಳು ಬಂದವು. ಆಮೇಲೆ ಶೈಲೇಶ್ ಬರೆದ: "ಗ್ರೂಪಿನಲ್ಲಿ ರಾಜಕೀಯ ಬೇಡ." ಅಂದಿನಿಂದ ಅಡ್ಮಿನ್‌ಗಳು ಮಾತ್ರ ಅಲ್ಲಿ ಬರೆಯುವಂತಾಯಿತು. ಕಥೆ ಹೇಳುವ ದಿನವನ್ನು ಯಾರೂ ಕೇಳಲಿಲ್ಲ.

ಸುದ್ದಿ ಕ್ಲಿನಿಕ್ಕಿಗೂ ಹೋಯಿತು. ಲ್ಯಾಬಿನಲ್ಲಿ ಬೃಂದಾಳ ಪಕ್ಕದ ಕುರ್ಚಿ ರೀಮ್ ಎಂಬವಳದು. ಕುವೈತಿನಲ್ಲೇ ಹುಟ್ಟಿ ಬೆಳೆದ ಪ್ಯಾಲೆಸ್ತೀನಿ ಹೆಣ್ಣುಮಗಳು. ಹಿಂದಿನ ವರ್ಷ ಗಾಜಾದಲ್ಲಿ ಅವಳ ಅಣ್ಣನ ಮನೆಯ ಮೇಲೆ ಬಾಂಬು ಬಿದ್ದು, ಅಣ್ಣನ ಮಗ ಸತ್ತ ಸುದ್ದಿ ಬಂದಾಗ, ಬೃಂದಾ ಅವಳನ್ನು ತಬ್ಬಿಕೊಂಡು ನೆಲದ ಮೇಲೆ ಕೂತಿದ್ದಳು. ಈಗ ರೀಮ್ ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದಳು. "ನಿಜವೇ?"

"ನಿಜ."

"ಇಷ್ಟು ವರ್ಷ ಹೇಳಲಿಲ್ಲ."

ಬೃಂದಾ ಪಾವೆಲ್‌ನ ವಿಷಯ ಹೇಳಿದಳು. ರೀಮ್ ಕೈಗವಸು ತೆಗೆಯದೆ, ನಿಂತೇ, ಪೂರ್ತಿ ಕೇಳಿದಳು. "ಹನ್ನೊಂದು ವರ್ಷ," ಎಂದಳು. "ನಮ್ಮವನಿಗೆ ಒಂಬತ್ತು." ಮುಂದಿದ್ದ ಟ್ಯೂಬುಗಳನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತ ಮತ್ತೆ ಹೇಳಿದಳು. "ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ಬೃಂದಾ. ನಿನ್ನ ಅಜ್ಜಿಯ ಮೇಲಂತೂ ಇಲ್ಲ. ಆದರೆ ಈಗ ಆ ಕಥೆ ಕೇಳುವ ಶಕ್ತಿ ನನ್ನಲ್ಲಿಲ್ಲ. ಯಾವಾಗ ಬರುತ್ತದೋ ಗೊತ್ತಿಲ್ಲ."

ಆ ತಿಂಗಳ ಕೊನೆಗೆ ರೀಮ್ ಬೇರೆ ಪಾಳಿಗೆ ಹೋದಳು. ಅವಳ ಮೇಲೆ ಬೃಂದಾಳಿಗೆ ಕೋಪ ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು.

ಉಳಿದವಳು ಮಗಳು. ಅವಳಿಗಾದರೂ ಹೆಸರುಗಳನ್ನು ಕಲಿಸಬೇಕೆಂದು ಬೃಂದಾ ಅಜ್ಜಿಯ ಕಾಲದ ಡೈರಿ ತೆರೆದಳು. ಅಜ್ಜಿ ಹೇಳಿಸಿದ ಹೆಸರುಗಳನ್ನು ಅವಳು ಅದರಲ್ಲಿ ಕನ್ನಡ ಅಕ್ಷರದಲ್ಲಿ, ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿದ್ದಳು. ಸರಿಯಾದ ಉಚ್ಚಾರ ತಿಳಿಯಲೆಂದು ಅವನ್ನು ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿ, ಶಿಬಿರಗಳಲ್ಲಿ ಸತ್ತವರ ದಾಖಲೆ ಇಡುವ ಪ್ರಾಗ್‌ನ ಒಂದು ಸಂಸ್ಥೆಗೆ ಇಮೇಲ್ ಮಾಡಿದಳು. ಏಳು ವಾರಕ್ಕೆ ಉತ್ತರ ಬಂತು, ಬಹಳ ಮರ್ಯಾದೆಯ ಉತ್ತರ. ಎಂಟು ಹೆಸರು ಸಿಕ್ಕಿದ್ದವು. ಮೂರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಬರೆದುಕೊಂಡದ್ದೇ ತಪ್ಪಿರಬಹುದು ಅಥವಾ ಅವು ಮನೆಯಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರುಗಳಿರಬಹುದು, ಮನೆಯ ಹಿರಿಯರನ್ನು ಕೇಳಿ ನೋಡಿ ಎಂದಿದ್ದರು. ಅಪ್ಪ ಕೋವಿಡ್‌ನಲ್ಲಿ ಹೋಗಿದ್ದ. ಇಬ್ಬರು ಸೋದರತ್ತೆಯರಿಗೆ ಅಜ್ಜಿ ಏನೂ ಹೇಳಿಯೇ ಇರಲಿಲ್ಲ. ಅಂದರೆ ಬೃಂದಾ ಇಷ್ಟು ವರ್ಷ ಮೂವರನ್ನು ಯಾವ ಹೆಸರಿನಿಂದ ಕರೆಯುತ್ತಿದ್ದಳೋ ಅದು ಅವರದ್ದೇ ಎಂದು ಹೇಳುವವರು ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ.

ಆದರೂ ಜುಲೈ ಬಂದಾಗ ಧಾತ್ರಿಯನ್ನು ಕರೆದಳು. "ಬಾ ಪುಟ್ಟಿ, ಎರಡೇ ನಿಮಿಷ. ನನ್ಜೊತೆ ಹೇಳು."

ಧಾತ್ರಿ ಫೋನಿನಿಂದ ಕಣ್ಣೆತ್ತಲಿಲ್ಲ. "ಅಮ್ಮಾ, ಪ್ಲೀಸ್. ಸ್ಕೂಲಲ್ಲಿ ಇದೇ ಮಾತು. ಐ ಸಿಟ್ ಅಲೋನ್, ನಿಂಗೊತ್ತಾ?"

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ಮಾಡ್ತಿದ್ದೆ? ಇನ್ನೊಂದ್ಸಲ ಕೂಗಾಡ್ತಿದ್ದೆ." ಮಗಳು ಫೋನನ್ನು ಬೋರಲು ಹಾಕಿದಳು. "ಐ ಡೋಂಟ್ ನೋ ದೆಮ್, ಅಮ್ಮಾ. ನೀನೂ ಅವ್ರನ್ನ ನೋಡಿಲ್ಲ."

ಬೃಂದಾ ಡೈರಿ ಮುಚ್ಚಿದಳು. ಮಗಳನ್ನು ಬಯ್ಯಲಿಲ್ಲ. ಆ ವರ್ಷ ಕಾರಿನಲ್ಲಿ ಕೂತು ಎಂಟು ಹೆಸರು ಹೇಳಿದಳು. ಉಳಿದ ಮೂರು ಬಾಯಿಗೆ ಬಂದವು, ಹೇಳಲೋ ಬೇಡವೋ ತಿಳಿಯದೆ ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಳು.

ಹಾಗೆ ಕೂತದ್ದನ್ನು ಕಂಡವಳು ಬೀಫಾತಿಮಾ. ಉಳ್ಳಾಲದ ಬ್ಯಾರಿ ಮುಸ್ಲಿಂ ಹೆಂಗಸು, ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೆಲಸ. ಗಾಜು ತಟ್ಟಿ ಕೇಳಿದಳು. "ಎಂತ ಬೃಂದಕ್ಕ, ಈ ಬಿಸಿಲಿಗೆ ಒಬ್ಬರೇ ಕೂತದ್ದು?"

ಒಳಗೆ ಬಂದು ಕೂತಳು. ಬೃಂದಾ ಹೇಳಿದಳು. ಬೀಫಾತಿಮಾ ಶಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ ಕೇಳಿದಳು. "ಆ ಹುಡುಗನ ಹೆಸರು ಎಂತ ಹೇಳಿದ್ರಿ? ಪಾವೆಲ್? ನಾನು ದುವಾ ಮಾಡಿದ್ರೆ ಆಗ್ಬಹುದಾ ಅಕ್ಕಾ? ನಿಮ್ಮವರಿಗೆ ಬೇಸರ ಆಗ್ಲಿಕ್ಕಿಲ್ವಾ?"

"ಬೇಸರ ಮಾಡ್ಕೊಳ್ಳೋಕೆ ಯಾರೂ ಇಲ್ಲ, ಬೀಫಾತಿಮಾ."

ಅಂದಿನಿಂದ ಊಟದ ಹೊತ್ತಿಗೆ ಅವಳು ಬಂದು ಕೂರುತ್ತಿದ್ದಳು, ಹನಾ ಅಜ್ಜಿಯ ಬಗ್ಗೆ ಏನಾದರೂ ಕೇಳುತ್ತಿದ್ದಳು. ಮೈಸೂರಿನಲ್ಲಿ ಏನು ಅಡುಗೆ ಮಾಡ್ತಿದ್ರು? ಸೀರೆ ಉಡಲಿಕ್ಕೆ ಯಾರು ಕಲಿಸಿದ್ದು? ಇಂಥ ಪ್ರಶ್ನೆ ಬೃಂದಾಳನ್ನು ಯಾರೂ ಕೇಳಿರಲಿಲ್ಲ. ಇದು ಎರಡು ತಿಂಗಳು ನಡೆಯಿತು. ಸೆಪ್ಟೆಂಬರಿನಲ್ಲಿ ಬೀಫಾತಿಮಾಳ ಗಂಡನ ಕಂಪನಿ ಮುಚ್ಚಿತು. "ಖಲಾಸ್ ಅಕ್ಕಾ. ಊರಿಗೆ ಹೋಗುವುದೇ," ಎಂದಳು.

ಒಂದು ಬೆಳಿಗ್ಗೆ ಬೃಂದಾಳೇ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟಳು. ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುವ ಗಡಿಬಿಡಿಯಲ್ಲಿ ಮಾತಾಡಲು ಆಗಲಿಲ್ಲ. "ಮಂಗಳೂರಿಗೆ ಬಂದ್ರೆ ಮನೆಗೆ ಬನ್ನಿ," ಎಂದಷ್ಟೇ ಹೇಳಿ ಬೀಫಾತಿಮಾ ಒಳಗೆ ಹೋದಳು.

ಬೃಂದಾ ಮಧ್ಯಾಹ್ನದ ಪಾಳಿಗೆ ಹೋದಾಗ ರೀಮ್ ಬಿಟ್ಟ ಕುರ್ಚಿಗೆ ಹೊಸಬಳು ಬಂದಿದ್ದಳು. ನವ್ಯಶ್ರೀ ಅಂತ, ಪುತ್ತೂರಿನವಳು. ಕನ್ನಡದವರು ಸಿಕ್ಕರೆಂದು ಅವಳಿಗೆ ಖುಷಿಯೋ ಖುಷಿ.

"ಅಕ್ಕ, ನಿಮ್ಮ ಊರು ಯಾವುದು? ಮನೆಯಲ್ಲಿ ಯಾರೆಲ್ಲ ಇದ್ದಾರೆ?"

"ಮೈಸೂರು," ಎಂದಳು ಬೃಂದಾ. "ಅಮ್ಮ ಒಬ್ರೇ ಇದಾರೆ." ಹನಾ ಅಜ್ಜಿಯ ಹೆಸರು ಎತ್ತದೆ ಕೈಗವಸು ಹಾಕಿಕೊಂಡು ಹೊರಗೆ ಕಾಯುತ್ತಿದ್ದ ರೋಗಿಯನ್ನು ಒಳಗೆ ಕರೆದಳು.